ಹೆಂಚಿಗೆ ನೀರು

ಆ ಬೇಸಿಗೆಯ ಡೈರಿ ಈಗಲೂ ನನ್ನ ಹತ್ತಿರ ಇದೆ. ರಟ್ಟಿನ ಒಂದು ಮೂಲೆಯನ್ನು ಇಲಿ ತಿಂದಿದೆ. ಮೇ ತಿಂಗಳ ಪುಟಗಳ ಅಂಚಿನಲ್ಲಿ ಕೆಮ್ಮಣ್ಣಿನ ಬೆರಳಚ್ಚುಗಳಿವೆ. ಅವು ನನ್ನವೇ ಇರಬೇಕು. ಇರಬೇಕು ಎನ್ನುತ್ತೇನೆ, ಏಕೆಂದರೆ ಆ ವರ್ಷದ ಬಗ್ಗೆ ನನಗೆ ನೆನಪಿರುವುದಕ್ಕೂ ನಾನೇ ಬರೆದಿಟ್ಟಿರುವುದಕ್ಕೂ ಹಲವು ಕಡೆ ತಾಳೆಯಾಗುವುದಿಲ್ಲ. ನೆನಪಿನಲ್ಲಿ ಮೊದಲ ಮಳೆ ಸೋಮವಾರ ಬಂದಿದೆ, ಡೈರಿಯಲ್ಲಿ ಗುರುವಾರ. ನೆನಪಿನಲ್ಲಿ ನಾನು ಒಂದು ಸಂಜೆ ಬಾವಿಕಟ್ಟೆಯ ಮೇಲೆ ಕೂತು ಅತ್ತಿದ್ದೇನೆ, ಡೈರಿಯಲ್ಲಿ ‘ತಲೆನೋವು, ಬೇಗ ಮಲಗಿದೆ’ ಎಂದಿದೆ. ನಾನು ಇತಿಹಾಸ ಓದಿ, ಇತಿಹಾಸವನ್ನೇ ಪಾಠ ಹೇಳಿದವಳು. ಬರಹವಿದ್ದಲ್ಲಿ ಬರಹವನ್ನು ನಂಬಿ, ಬಾಯಿಮಾತನ್ನು ತೂಗಿ ನೋಡಿ ಎಂದು ವರ್ಷವರ್ಷವೂ ಹುಡುಗಿಯರಿಗೆ ಹೇಳುತ್ತಿದ್ದೆ. ಬರೆದವಳ ಕೈಯೇ ಅಳುಕಿದ್ದರೆ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಹತ್ತಿ ವ್ಯಾಪಾರಿ. ಅವರ ಹಿರಿಯರು ಕುರುಗೋಡಿನಲ್ಲಿ ದಾರಿಹೋಕರಿಗೆಂದು ಕಟ್ಟಿಸಿದ ಛತ್ರವೊಂದಿತ್ತು. ಬಸ್ಸುಗಳು ಓಡಾಡತೊಡಗಿದ ಮೇಲೆ ಅಲ್ಲಿ ತಂಗುವವರು ಇಲ್ಲವಾದರು. ಆ ಜಾಗಕ್ಕೆ ದಿಕ್ಕಿಲ್ಲದ ಮುದುಕರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಹೊರಗೆ ಹಾಕಲು ಮನಸ್ಸಾಗದೆ ಆ ವ್ಯಾಪಾರಿ ಅದನ್ನು ವೃದ್ಧಾಶ್ರಮವೆಂದು ಒಪ್ಪಿಕೊಂಡು, ಒಂದು ಸಮಿತಿ ಮಾಡಿ, ತಾವು ಅಧ್ಯಕ್ಷರಾದರು. ನನ್ನನ್ನು ಕಾರ್ಯದರ್ಶಿ ಮಾಡಿದರು. ಛತ್ರದಿಂದ ಹತ್ತು ಹೆಜ್ಜೆಗೆ ಹಳೆಯ ಕಲ್ಲಿನ ಗುಡಿ ಇದ್ದುದರಿಂದ ಒಂದು ಮೊಳೆ ಹೊಡೆಯಬೇಕಾದರೂ ಪ್ರಾಚ್ಯವಸ್ತು ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಿತ್ತು. ನನ್ನ ಅರ್ಹತೆ ಅಷ್ಟೇ.

ಅಲ್ಲಿ ಒಂಬತ್ತು ಮಂದಿ ಇದ್ದರು. ಒಳಗೆ ಕಲ್ಲು ಚಪ್ಪಡಿಯ ಒಂದು ಕತ್ತಲ ಕೋಣೆ, ಅದರಲ್ಲಿ ಒಲೆ ಮತ್ತು ಕಾಳಿನ ಚೀಲಗಳು. ಹೊರಗೆ ಉದ್ದನೆಯ ಪಡಸಾಲೆ, ಅದರಲ್ಲಿ ಒಂಬತ್ತು ಮಂಚಗಳು ಒಂದೇ ಸಾಲಿನಲ್ಲಿ. ಪಡಸಾಲೆಯ ಮೇಲೆ ಕೈಯಿಂದ ಮಾಡಿದ ನಾಡಹೆಂಚು. ಕುರುಗೋಡಿನ ಗುಡ್ಡದ ಮಂಗಗಳು ವರ್ಷಗಟ್ಟಲೆ ಓಡಾಡಿ ಅವನ್ನು ಒಡೆದಿದ್ದವು, ಗೆದ್ದಲು ಜಂತಿಗಳನ್ನು ತಿಂದಿತ್ತು. ಹಿಂದಿನ ಮಳೆಗಾಲದಲ್ಲಿ ಒಂದು ಭಾಗ ಕುಸಿದು ಖಾಲಿ ಮಂಚದ ಮೇಲೆ ಬಿತ್ತು. ಆ ಮಂಚದವರು ಅದೇ ಹೊತ್ತಿಗೆ ಹೊರಗೆ ಹೋಗಿದ್ದರು ಎಂಬುದಷ್ಟೇ ನಮ್ಮ ಪುಣ್ಯ.

ಅಧ್ಯಕ್ಷರು ಹೊಸ ಜಂತಿಗಳಿಗೆ ಮರ ಕೊಟ್ಟರು. ಆದರೆ ಸ್ಪಷ್ಟವಾಗಿ ಹೇಳಿದರು. “ಮೇಡಂ, ಮಳಿಗಾಲ ಬರೂದರಾಗ ಹೆಂಚು ಕೂಡಬೇಕು. ಇಲ್ಲಾಂದ್ರ ಛತ್ರ ಮುಚ್ಚಿಬಿಡೂಣ. ಒಬ್ಬರ ತಲಿ ಮ್ಯಾಲ ಬಿದ್ರ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ? ಯಾರು ಎಲ್ಲಿಗೆ ಹೋಕ್ಕಾರೋ ಹೋಗ್ಲಿ.”

ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಎಲ್ಲಿಂದ ಬಂದಿದ್ದರೋ ಅಲ್ಲಿಗೆ, ಬಸ್ ನಿಲ್ದಾಣಗಳಿಗೆ, ಗುಡಿಯ ಮೆಟ್ಟಿಲುಗಳಿಗೆ, ಅವರನ್ನು ಬೇಡವೆಂದ ಮನೆಗಳ ಬಾಗಿಲಿಗೆ.

ಕಚೇರಿಯ ಷರತ್ತು ಇನ್ನೂ ಬಿಗಿಯಾಗಿತ್ತು. ಗುಡಿಯ ಪಕ್ಕದಲ್ಲಿ ತಗಡು ಕೂಡದು, ಸಿಮೆಂಟಿನ ಶೀಟು ಕೂಡದು, ತಾರಸಿ ಕೂಡದು, ಮಂಗಳೂರು ಹೆಂಚೂ ಕೂಡದು. ಮೊದಲು ಏನಿತ್ತೋ ಅದೇ ಆಕಾರ, ಅದೇ ಬಣ್ಣ. ಪತ್ರ ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ಇದು ಡೈರಿಯಲ್ಲೇ ಇದೆ, ತಪ್ಪಿಸಿಕೊಳ್ಳುವಂತಿಲ್ಲ: ‘ಕಚೇರಿಯವರ ಅಭಿಪ್ರಾಯವೇ ನನ್ನದೂ.’

ಮೊದಲು ಕೌಲ್ ಬಜಾರಿಗೆ ಹೋದೆ. ಕೆಡವಿದ ಹಳೆಯ ಬಂಗಲೆಗಳ ಬಾಗಿಲು, ಕಿಟಕಿ, ಹೆಂಚು ಮಾರುವ ಗುಜರಿಯವನೊಬ್ಬ ಅಲ್ಲಿದ್ದ. ಅವನು ಒಂದು ನಾಡಹೆಂಚನ್ನು ಎಡ ಅಂಗೈ ಮೇಲೆ ತೂಗಿಸಿ, ಬಲಗೈ ಬೆರಳ ಗೆಣ್ಣಿನಿಂದ ಬಡಿದ.

“ಕೇಳ್ರಿ ಮೇಡಂ. ಖಣ್ ಅಂದ್ರ ಪಕ್ಕಾ. ಥಪ್ ಅಂದ್ರ ಕಚ್ಚಾ. ನಾಲಿಗಿ ಹಚ್ಚಿ ನೋಡ್ರಿ, ಅಂಟಿಕೊಂಡ್ರ ಸರಿಯಾಗಿ ಬೆಂದಿಲ್ಲ ಅಂತ.”

“ಬಜಾರದಾಗ ನಿಂತು ಹೆಂಚು ನೆಕ್ಕಲೇನು?”

“ಅಗದೀ ದೊಡ್ಡ ದೊಡ್ಡ ಇಂಜಿನಿಯರ್ ಸಾಹೇಬ್ರು ನೆಕ್ಕ್ಯಾರ್ರೀ ಇಲ್ಲಿ. ನೀವೇನು ನಾಚ್ಕೋತೀರಿ.”

ನೆಕ್ಕಿದೆ. ಅಂಟಲಿಲ್ಲ. ಒಳ್ಳೆಯ ಹೆಂಚು, ಎರಡು ತಲೆಮಾರಿನ ಬಿಸಿಲು ಮಳೆ ತಿಂದು ಮಾಗಿದ್ದು. ಆದರೆ ಅವನ ಹತ್ತಿರ ಇದ್ದದ್ದು ಮೂರು ಮಂಚಗಳ ಮೇಲೆ ಹೊದಿಸುವಷ್ಟು ಮಾತ್ರ. ಬಣ್ಣವೂ ಸ್ವಲ್ಪ ಕಪ್ಪು. ಉಳಿದ ಕಡೆ ಹೊಸದು ಹಾಕಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಎಂದು ಬಿಟ್ಟು ಬಂದೆ. ಈ ನಿರ್ಧಾರಕ್ಕೆ ಡೈರಿಯಲ್ಲಿ ಒಂದೂವರೆ ಪುಟ ಇದೆ. ಮೂರು ಕಾಲಂ ಹಾಕಿ ತೂಕ, ಆಯಸ್ಸು, ನೋಟ ಎಂದು ಬರೆದುಕೊಂಡಿದ್ದೇನೆ. ಮೂರು ಮಂಚ ಎಂದರೆ ಮೂರು ಜನ ಎಂದು ಎಲ್ಲೂ ಬರೆದಿಲ್ಲ.

ಸಿರುಗುಪ್ಪದ ಕುಂಬಾರರ ಸುದ್ದಿ ಬಂದದ್ದು ಛತ್ರದೊಳಗಿನಿಂದಲೇ. ಒಂಬತ್ತು ಮಂದಿಯಲ್ಲಿ ಒಬ್ಬ ಅಜ್ಜಿ ಸಿರುಗುಪ್ಪದ ಕುಂಬಾರರವಳು. ಚಿಕ್ಕಂದಿನಲ್ಲೇ ಗಂಡ ಸತ್ತು ತವರಿಗೆ ಬಂದು, ತಮ್ಮ ಇರುವ ತನಕ ಅಲ್ಲೇ ಮಣ್ಣು ತುಳಿದು ಬದುಕಿದ್ದಳು. ತಮ್ಮ ತೀರಿಕೊಂಡ ಮೇಲೆ ಅವನ ಮಗನ ಮನೆಯಲ್ಲಿ ಜಾಗ ಸಾಲದೆ, ಮಾತಿಗೆ ಮಾತು ಬೆಳೆದು ಇಲ್ಲಿಗೆ ಬಂದಿದ್ದಳು. ಒಂದು ದಿನ ನಾನು ಪಡಸಾಲೆಯ ಹಳೆಯ ಹೆಂಚಿನ ತುಂಡೊಂದನ್ನು ನೋಡುತ್ತಿದ್ದಾಗ ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಗಲದ ತುದಿಯನ್ನು ಹೆಬ್ಬೆರಳಿನಿಂದ ತಡವಿದಳು. ಅಲ್ಲಿ ಒಂದು ಸಣ್ಣ ಕುಳಿ ಇತ್ತು.

“ಇದು ನಮ್ಮಪ್ಪನ ಕೈದು” ಎಂದಳು. “ತಿಗರಿಯಿಂದ ಇಳಿಸಿ ಎರಡು ಸೀಳು ಮಾಡಿ, ಹಿಂಗ ಒಂದು ಹೆಬ್ಬಟ್ಟು ಒತ್ತತಿದ್ದ. ಯಾರದು ಅಂತ ಗೊತ್ತಾಗಲಿ ಅಂತ.”

ಅಷ್ಟು ಸಾಕಾಯಿತು ನನಗೆ. ಅದೇ ಮನೆತನ, ಅದೇ ಊರಿನ ಮಣ್ಣು, ಅದೇ ಹೆಬ್ಬೆರಳಿನ ಕುಳಿ. ಕಚೇರಿಗೆ ಬರೆದ ಪತ್ರದಲ್ಲಿ ಇದನ್ನೇ ದೊಡ್ಡದು ಮಾಡಿ ಬರೆದೆ. ಒಪ್ಪಿಗೆ ಬೇಗ ಬಂತು. ನಾನು ಆರಿಸಿದ್ದು ಹೆಂಚನ್ನೋ ಆ ಕಥೆಯನ್ನೋ ಎಂದು ಈಗ ಕೇಳಿಕೊಂಡರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಅಜ್ಜಿಯ ಅಳಿಯ, ಎಂದರೆ ತಮ್ಮನ ಮಗ, ನಲವತ್ತು ದಾಟಿದವನು. ಕಡಿಮೆ ಮಾತು. ನಾನು ಸಿರುಗುಪ್ಪಕ್ಕೆ ಮೂರು ಸಲ ಹೋದೆ, ಮೂರು ಸಲವೂ ಅವಸರ ಮಾಡಿದೆ. ಕೊನೆಯ ಸಲ ಲಾರಿಯನ್ನೇ ಕರೆದುಕೊಂಡು ಹೋದೆ. ಅವನು ಅದೇ ಬೆಳಿಗ್ಗೆ ಹೆಂಚು ಸುಡುವ ಆವಿಗೆ ಬಿಚ್ಚಿದ್ದ. ಹೆಂಚುಗಳು ಇನ್ನೂ ಬೆಚ್ಚಗಿದ್ದವು. ಹತ್ತಿರದ ಕಾಲುವೆ ಬೇಸಿಗೆಗೆ ಬಂದಾಗಿ ತಳದ ಮಣ್ಣು ಬಿರುಕು ಬಿಟ್ಟಿತ್ತು. ನಾನು ಒಂದೊಂದನ್ನೇ ಎತ್ತಿ ಗೆಣ್ಣಿನಿಂದ ಬಡಿದೆ. ಖಣ್. ಖಣ್. ಖಣ್. ಕೆಲವನ್ನು ನೆಕ್ಕಿದೆ. ಅಂಟಲಿಲ್ಲ.

“ಇನ್ನ ನಾಕು ದಿವಸ ಬಿಟ್ಟು ಒಯ್ಯಬಹುದಿತ್ತು ಅಮ್ಮಾರೆ” ಎಂದ.

“ನಾಕು ದಿನದಾಗ ಮಳಿ ಬಂದ್ರ?”

ಅವನು ಆಕಾಶ ನೋಡಿದ, ಲಾರಿ ನೋಡಿದ, ಚಾಲಕ ಹಾರ್ನು ಒತ್ತಿದ. ಕುಂಬಾರ ಹೆಂಚು ತುಂಬಿಸತೊಡಗಿದ.

ಸಿರಿಗೇರಿ ಕ್ರಾಸಿನಲ್ಲಿ ಲಾರಿ ನಿಲ್ಲಿಸಿ ಚಹಾ ಕುಡಿದೆವು. ಅಲ್ಲಿ ನಾನು ತುಂಬ ಸಂತೋಷದಿಂದ ಇದ್ದೆ. ಇದು ನೆನಪಿನಲ್ಲೂ ಇದೆ, ಡೈರಿಯಲ್ಲೂ ಇದೆ.

ಕುರುಗೋಡಿನಲ್ಲಿ ಆ ದಿನಗಳಲ್ಲಿ ನೀರಿಗೆ ಹಾಹಾಕಾರ. ಛತ್ರದ ಬಾವಿಯಲ್ಲಿ ಬೆಳಿಗ್ಗೆ ಇಪ್ಪತ್ತು ಇಪ್ಪತ್ತೆರಡು ಕೊಡ ಸಿಕ್ಕರೆ ಹೆಚ್ಚು, ಆಮೇಲೆ ಕೆಸರು. ರಜೆಯಲ್ಲಿ ಅಲ್ಲೇ ಮೂಲೆಯ ಕೋಣೆಯಲ್ಲಿದ್ದ ನಾನು ದಿನವೂ ನೀರನ್ನು ಹಂಚಿ, ಹಂಚಿದ್ದನ್ನು ಡೈರಿಯಲ್ಲಿ ಬರೆಯುತ್ತಿದ್ದೆ. ಜಗಳ ಬಂದರೆ ತೋರಿಸಲಿಕ್ಕೆ. ಹೆಂಚು ಇಳಿದ ದಿನ ಎಲ್ಲರೂ ಹೊರಗೆ ಬಂದು ನೋಡಿದರು. ಕೌಲ್ ಬಜಾರಿನಲ್ಲಿ ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಕಣ್ಣು ಮಂಜಾದ ಮೇಲೆ ಬಂದಿದ್ದ ತಾತನೊಬ್ಬನಿದ್ದ, ಎಲ್ಲರೂ ದರ್ಜಿ ತಾತ ಅನ್ನುತ್ತಿದ್ದರು. ನಾನು ಹೆಂಚು ಬಡಿಯುವ ಸದ್ದು ಕೇಳಿ ಅವನು ತಲೆ ಮುಂದೆ ಚಾಚಿದ.

“ನಮ್ಮ ತಲೀನೂ ಒಂದೊಂದು ಬಡದು ನೋಡ್ರಿ ಮೇಡಂ. ಯಾವುದು ಖಣ್ ಅಂತತಿ, ಯಾವುದು ಥಪ್ ಅಂತತಿ ಗೊತ್ತಾಗಲಿ.”

“ನಿಂದು ಒಡದೇ ಹೋಗೇತಿ ತಗೋ” ಎಂದಳು ಕುಂಬಾರ ಅಜ್ಜಿ. ಎಲ್ಲರೂ ನಕ್ಕರು. ಅಜ್ಜಿ ಒಂದು ಹೆಂಚು ಎತ್ತಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಐದು ದಿನದಲ್ಲಿ ಹೊದಿಕೆ ಮುಗಿಯಿತು. ಒಂದು ಸಾಲು ಬೆನ್ನು ಕೆಳಗೆ, ಅದರ ಮೇಲೆ ಒಂದು ಸಾಲು ಬೆನ್ನು ಮೇಲೆ. ಪ್ರಾಚ್ಯವಸ್ತು ಕಚೇರಿಯ ಅಧಿಕಾರಿ ಬಂದು ಗುಡಿಯ ಜಗಲಿಯ ಮೇಲಿಂದ ನೋಡಿ, “ಹೊಸದು ಅಂತ ಗೊತ್ತೇ ಆಗುವುದಿಲ್ಲ” ಎಂದರು. ಮೊದಲ ಮಳೆ ಒಂದು ಮಧ್ಯಾಹ್ನ ಬಂತು, ಗುರುವಾರವೇ ಇರಲಿ. ಒಂಬತ್ತು ಮಂದಿಯೂ ತಂತಮ್ಮ ಮಂಚದ ಮೇಲೆ ಕೂತು ಮೇಲೆ ನೋಡುತ್ತಿದ್ದರು. ಒಂದು ಹನಿಯೂ ಬೀಳಲಿಲ್ಲ. ಅಡುಗೆಯವಳು ಬೆಲ್ಲ ಹಾಕಿ ಹುಗ್ಗಿ ಮಾಡಿದಳು.

ನಾಲ್ಕನೆಯ ದಿನ ಊಟದ ಹೊತ್ತಿಗೆ ದರ್ಜಿ ತಾತನ ತಟ್ಟೆಯಲ್ಲಿ ಒಂದು ಚೂರು ಬಿತ್ತು. ಉಗುರಿನಷ್ಟು. ಮಂಗ ಇರಬೇಕು ಎಂದುಕೊಂಡೆವು. ಮೇಲೆ ಮಂಗ ಇರಲಿಲ್ಲ. ಸಂಜೆ ಇನ್ನೆರಡು ಬಿದ್ದವು. ಮರುದಿನ ಬೆಳಿಗ್ಗೆ ಎಲ್ಲರ ಹಾಸಿಗೆಯ ಮೇಲೂ ಕೆಂಪು ಪುಡಿ. ಕಿವಿಗೊಟ್ಟರೆ ಸಣ್ಣ ಸದ್ದು ಕೇಳುತ್ತಿತ್ತು, ಕಡಲೆ ಹುರಿಯುವಾಗ ಮೊದಲ ಕಾಳುಗಳು ಸಿಡಿಯುವ ಹಾಗೆ. ಅಲ್ಲೊಂದು, ಸ್ವಲ್ಪ ಬಿಟ್ಟು ಇಲ್ಲೊಂದು. ಹೊದಿಕೆ ಮಾಡಿದ್ದ ಗೌಂಡಿಯನ್ನು ಹತ್ತಿಸಿ ಕೆಲವು ಹೆಂಚು ಇಳಿಸಿದೆ. ಪ್ರತಿಯೊಂದರ ಮೈಯಲ್ಲೂ ಕುಳಿಗಳು, ಕುಳಿಯ ತಳದಲ್ಲಿ ಸಾಸಿವೆಯಷ್ಟು, ಜೋಳದಷ್ಟು ಬಿಳಿ ಚುಕ್ಕೆ. ಕೆಲವು ಚುಕ್ಕೆಯಿಂದ ಚುಕ್ಕೆಗೆ ಸೀಳಿಹೋಗಿದ್ದವು.

ಅಜ್ಜಿ ಆ ಬಿಳಿಯನ್ನು ಉಗುರಿನಿಂದ ಕೆದಕಿ, ಬೆರಳ ತುದಿಗೆ ತೆಗೆದುಕೊಂಡು ನನ್ನ ಮುಂದೆ ಹಿಡಿದಳು.

“ಸುಣ್ಣ” ಎಂದಳು. “ನಮ್ಮ ಮಣ್ಣಾಗ ಸುಣ್ಣದ ಹರಳು ಇರ್ತಾವ. ಎಷ್ಟು ಸೋಸಿದ್ರೂ ಸಣ್ಣವು ಉಳೀತಾವ. ಆವಿಗ್ಯಾಗ ಬೇಯ್ತಾವ. ಬೆಂದ ಸುಣ್ಣಕ್ಕ ನೀರು ತಾಕಿದ್ರ ಅರಳದs ಬಿಡತೈತೇನು? ಅದಕ್ಕ ಬಿಸಿ ಆರೂದರಾಗ ಹೆಂಚನ್ನ ನೀರಾಗ ಮುಳುಗಿಸಿಬಿಡೂದು. ಸುಣ್ಣ ಅಲ್ಲೇ ಕರಗಿ ಮೆತ್ತಗಾಕ್ಕತಿ. ಒಡೆಯೂವು ಅಲ್ಲೇ ಒಡದುಹೋಕ್ಕಾವ. ಉಳದದ್ದು ನೂರು ವರ್ಷ.”

“ಹಂಗಾದ್ರ ನಿಮ್ಮ ಅಳಿಯ ಯಾಕ ಮುಳುಗಿಸಲಿಲ್ಲ?”

“ಎಲ್ಲಿ ಮುಳುಗಿಸಬೇಕು? ಕಾಲವಿ ಒಣಗಿತ್ತಲ್ಲ.”

ಹೆಂಚು ಮೊದಲೇ ಕಾಣಬೇಕಾಗಿದ್ದ ನೀರನ್ನು ಮಳೆ ಕಾಣಿಸಿತ್ತು, ಅದೂ ಹೆಂಚು ಒಂಬತ್ತು ಮಂಚಗಳ ಮೇಲೆ ಹೊದಿಕೆಯಾದ ಮೇಲೆ. ಹೆಂಚು ಖಣ್ ಎಂದರೆ ಬೆಂದಿದೆ ಎಂದು ಮಾತ್ರ ಅರ್ಥ. ಒಳಗೆ ಏನು ಬೆಂದಿದೆ ಎಂದು ಅದು ಹೇಳುವುದಿಲ್ಲ. ಇಷ್ಟು ತಿಳಿಯುವಷ್ಟರಲ್ಲಿ ಎರಡನೆಯ ಮಳೆ ಬಂತು.

ಆಮೇಲಿನ ಹದಿನೈದು ದಿನ ನನಗೆ ಕ್ರಮವಾಗಿ ನೆನಪಿಲ್ಲ. ಡೈರಿಯಲ್ಲೂ ಅರ್ಧ ಸಾಲುಗಳು. ಹತ್ತಿ ಮಂಡಿಯಿಂದ ತಾಡಪತ್ರಿ ತಂದು ಹೊದಿಸಿದೆವು, ಗಾಳಿ ಒಂದನ್ನು ಒಯ್ದಿತು, ಉಳಿದದ್ದನ್ನು ಮಂಗಗಳು ಸೀಳಿದವು. ಮಳೆ ಬಂದಾಗಲೆಲ್ಲ ಒಂಬತ್ತು ಮಂದಿ ಅಡುಗೆಕೋಣೆಯಲ್ಲಿ ಒಲೆಯ ಸುತ್ತ ಮೊಣಕಾಲು ಮಡಚಿ ಕೂರುತ್ತಿದ್ದರು, ಹೊಗೆಗೆ ಕೆಮ್ಮುತ್ತಿದ್ದರು. ನಾನು ಬಳ್ಳಾರಿಗೆ ಓಡಿದೆ. ಮಳೆಗಾಲದ ಮಟ್ಟಿಗಾದರೂ ಸಿಮೆಂಟಿನ ಶೀಟು ಹಾಕಲು ಬಿಡಿ ಎಂದು ಅಧಿಕಾರಿಯ ಮುಂದೆ ನಿಂತೆ.

ಅವರು ಕೆಟ್ಟವರಲ್ಲ. “ನೀವೇ ಬರೆದ ಪತ್ರ ಇದೆ ಮೇಡಂ” ಎಂದು ಫೈಲು ತಿರುಗಿಸಿ ತೋರಿಸಿದರು. “ನಾಡಹೆಂಚಿಗಿಂತ ಬೇರೆ ಯಾವುದೂ ಇಲ್ಲಿಗೆ ಒಪ್ಪುವುದಿಲ್ಲ ಅಂತ ನೀವೇ ಬರೆದಿದ್ದೀರಿ. ಇದನ್ನಿಟ್ಟುಕೊಂಡು ನಾನು ಮೇಲಿನವರಿಗೆ ಏನಂತ ಹೇಳಲಿ?”

ಅಲ್ಲಿಂದ ಕೌಲ್ ಬಜಾರಿಗೆ ನಡೆದುಕೊಂಡೇ ಹೋದೆ. ಗುಜರಿಯವನ ಅಂಗಳದಲ್ಲಿ ಹೆಂಚಿನ ರಾಶಿ ಇದ್ದ ಕಡೆ ಒಂದು ಕೆಟ್ಟ ಜೀಪು ನಿಂತಿತ್ತು.

“ಹೋದ ವಾರ ಹೋತಲ್ರಿ ಮೇಡಂ. ಯಾರೋ ದನದ ಕೊಟ್ಟಿಗಿಗೆ ಒಯ್ದರು. ನೀವು ಬಣ್ಣ ಸೇರಂಗಿಲ್ಲ ಅಂದ್ರಿ.”

ಸಿರುಗುಪ್ಪಕ್ಕೂ ಹೋದೆ. ಅಜ್ಜಿಯ ಅಳಿಯ ನಾನು ಇಳಿದದ್ದನ್ನು ನೋಡಿಯೇ ಎದ್ದು ನಿಂತ. ವಿಷಯ ಆಗಲೇ ಮುಟ್ಟಿತ್ತು.

“ಹೊಸದು ಮಾಡಿ ಕೊಡ್ತೀನಿ ಅಮ್ಮಾರೆ. ಆದ್ರ ಈಗ ಮಳಿಯಾಗ ಹಸಿ ಹೆಂಚು ಒಣಗಂಗಿಲ್ಲ, ಆವಿಗಿ ಹತ್ತಂಗಿಲ್ಲ. ದೀಪಾವಳಿ ದಾಟಬೇಕು.”

“ನೀರಿಗೆ ಹಾಕಬೇಕು ಅಂತ ನನಗ್ಯಾಕ ಹೇಳಲಿಲ್ಲ ನೀನು?”

ಅವನು ನೆಲ ನೋಡಿದ. “ನೀವು ಲಾರಿ ನಿಲ್ಲಿಸ್ಕೊಂಡು ನಿಂತಿದ್ರಿ. ನಾನೇನು ಹೇಳಲಿ. ಅಲ್ಲಿ ನಮ್ಮ ಅತ್ತಿ ಅದಾಳಲ್ಲ, ಆಕಿ ಕಣ್ಣು ತಪ್ಪಿಸಿ ಒಂದು ಹೆಂಚೂ ಮ್ಯಾಲ ಏರಂಗಿಲ್ಲ, ಆಕಿ ಹೇಳ್ತಾಳ ಅಂತ ಸುಮ್ನಾದೆ.”

ಹಿಂದಿರುಗುವ ಬಸ್ಸಿನಲ್ಲಿ ನನಗೆ ಒಂದು ದನಿ ಕೇಳತೊಡಗಿತು. ಬಾವಿಕಟ್ಟೆಯ ಹತ್ತಿರ ಅಜ್ಜಿ ನಿಂತಿದ್ದಾಳೆ, ಕೈಯಲ್ಲಿ ಹೆಂಚಿದೆ. ‘ಯವ್ವಾ, ಇವನ್ನ ಒಂದು ದಿನ ನೆನಿ ಹಾಕಬೇಕು.’ ನಾನು ತಿರುಗಿ ನೋಡದೆ ಹೇಳುತ್ತೇನೆ: ‘ಕುಡಿಯಾಕ ನೀರಿಲ್ಲ ಅಜ್ಜಿ, ಹೆಂಚಿಗೆ ಎಲ್ಲಿಂದ ತರೂಣ?’ ಇದು ನಡೆದಿತ್ತೇ? ಅಥವಾ ಅಳಿಯನ ಮಾತು ಕೇಳಿದ ಮೇಲೆ, ಅಜ್ಜಿಯ ವಿವರಣೆ ಕೇಳಿದ ಮೇಲೆ, ನನ್ನ ಮನಸ್ಸು ಎರಡನ್ನೂ ಸೇರಿಸಿ ಆ ಚಿತ್ರವನ್ನು ಕಟ್ಟಿತೇ? ಕುರುಗೋಡು ಬರುವಷ್ಟರಲ್ಲಿ ಅಜ್ಜಿಯ ಸೀರೆಯ ಬಣ್ಣವೂ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದಲೇ ನಾನು ಅದನ್ನು ನಂಬಲಿಲ್ಲ. ಅಥವಾ ನಂಬದಿರಲು ಅದೊಂದು ನೆಪ ಸಿಕ್ಕಿತು.

ಅಧ್ಯಕ್ಷರು ಛತ್ರ ಮುಚ್ಚಲು ಬಂದರು. ನಾನು ಕೈಮುಗಿದೆ. ಅವರ ಕಾಲು ಹಿಡಿಯಲು ಬಾಗಿದೆ ಎಂದು ನೆನಪು. ಡೈರಿಯಲ್ಲಿ ‘ಅಧ್ಯಕ್ಷರೊಂದಿಗೆ ಚರ್ಚೆ’ ಎಂದಿದೆ. ಕೊನೆಗೆ ಅವರು ಒಂದು ಮಾತಿಗೆ ಒಪ್ಪಿದರು. ಇದ್ದ ಹೆಂಚಿನಲ್ಲಿ ಗಟ್ಟಿಯಾದವು ಎಷ್ಟು ಸಿಗುತ್ತವೋ ಅಷ್ಟು ಉದ್ದ ಹೊದಿಸುವುದು. ಅದರ ಕೆಳಗೆ ಎಷ್ಟು ಮಂಚ ಹಿಡಿಯುತ್ತವೋ ಅಷ್ಟು ಜನ ಇರುವುದು. ಉಳಿದವರು ಮಳೆಗಾಲ ಮುಗಿಯುವ ತನಕ ಬೇರೆ ಕಡೆ.

ಗಟ್ಟಿ ಹೆಂಚು ಯಾವುದೆಂದು ಹೇಳಬಲ್ಲವಳು ಒಬ್ಬಳೇ. ಈಗ ನೀರಿಗೆ ಬರವಿರಲಿಲ್ಲ, ಹಿಂದೆ ದಾರಿಹೋಕರ ಎತ್ತುಗಳಿಗೆ ನೀರು ತುಂಬಿಸುತ್ತಿದ್ದ ಅಂಗಳದ ಕಲ್ಲು ದೋಣಿ ತುಂಬಿ ಹರಿಯುತ್ತಿತ್ತು. ಅಜ್ಜಿ ಎರಡು ದಿನ ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಇಳಿಸಿದ ಹೆಂಚುಗಳನ್ನು ಮುಳುಗಿಸಿ, ತೆಗೆದು, ತಡವಿ, ಬಲಕ್ಕೆ ಅಥವಾ ಎಡಕ್ಕೆ ಇಟ್ಟಳು. ಬಲಕ್ಕೆ ಇಡಲು ಅವಳು ಎಷ್ಟು ಆಸೆಪಡುತ್ತಿದ್ದಳೆಂದರೆ ಕೆಲವನ್ನು ಎರಡೆರಡು ಸಲ ಮುಳುಗಿಸಿದಳು. ಎಡಗಡೆಯ ರಾಶಿಯೇ ಬೆಳೆಯಿತು. ಗೌಂಡಿ ಅಳೆದು ಹೇಳಿದ, ಐದು ಮಂಚ.

“ಸರೇ ಮೇಡಂ” ಎಂದರು ಅಧ್ಯಕ್ಷರು. “ಹೋಗೋ ನಾಕು ಮಂದಿ ಯಾರು ಅಂತ ನೀವೇ ಬರೀರಿ. ನಿಮಗs ಎಲ್ಲರೂ ಗೊತ್ತು.”

ಆ ದಿನಗಳ ಹೊಗೆ, ತೇವಕ್ಕೆ ಹಾಸಿಗೆ ಹಿಡಿದವರು ಇಬ್ಬರು, ಅವರನ್ನು ಅಲ್ಲಾಡಿಸುವಂತಿರಲಿಲ್ಲ. ಎಲ್ಲೂ ಯಾರೂ ಇಲ್ಲದವರು ಮೂವರು. ಹಾಗೆ ಐದಾಯಿತು. ಉಳಿದ ನಾಲ್ವರಿಗೆ ಎಲ್ಲೋ ಒಂದು ಎಳೆ ಇತ್ತು. ಒಬ್ಬನಿಗೆ ಮೋಕಾ ಊರಿನಲ್ಲಿ ದೂರದ ಸಂಬಂಧ, ಒಬ್ಬಳಿಗೆ ಬಳ್ಳಾರಿಯಲ್ಲಿ ಹಿಂದೆ ಕೆಲಸ ಮಾಡಿದ ಮನೆ, ದರ್ಜಿ ತಾತನಿಗೆ ಕೌಲ್ ಬಜಾರಿನಲ್ಲಿ ಅವನಿಂದ ಕೆಲಸ ಕಲಿತವನ ಅಂಗಡಿಯ ಜಗುಲಿ. ಅಜ್ಜಿಗೆ ಸಿರುಗುಪ್ಪದ ಅಳಿಯ. ಪಟ್ಟಿ ನ್ಯಾಯವಾಗಿದೆ. ಎಷ್ಟು ಸಲ ನೋಡಿದರೂ ನ್ಯಾಯವಾಗಿಯೇ ಕಾಣುತ್ತದೆ. ಆದರೆ ‘ಎಲ್ಲೂ ಯಾರೂ ಇಲ್ಲದವರು’ ಎಂದು ಬರೆದ ಮೂವರಲ್ಲಿ ಒಬ್ಬಳಿಗೆ ಕಂಪ್ಲಿಯಲ್ಲಿ ತಂಗಿ ಇದ್ದದ್ದು ನನಗೆ ಗೊತ್ತಿತ್ತು. ಅವಳ ಜಾಗದಲ್ಲಿ ಅಜ್ಜಿ ಉಳಿಯಬಹುದಿತ್ತು. ಆ ಎರಡು ದಿನ ದೋಣಿಯ ಹತ್ತಿರ ಹಾದುಹೋಗುವಾಗಲೆಲ್ಲ ನಾನು ಅಜ್ಜಿಯ ಮುಖ ನೋಡದೆ ಹೋಗುತ್ತಿದ್ದೆ. ನನ್ನ ತಪ್ಪಿಗೆ ಇದ್ದ ಒಬ್ಬಳೇ ಸಾಕ್ಷಿಯನ್ನು ನಾನು ಪಟ್ಟಿಗೆ ಸೇರಿಸಿ ಕಳಿಸಿದೆನೇ? ಇಲ್ಲ ಎಂದು ಹೇಳಬಲ್ಲೆ. ಆಣೆ ಮಾಡಿ ಹೇಳಲಾರೆ.

ಹೊರಡುವ ದಿನ ದರ್ಜಿ ತಾತ ತನ್ನ ಗಂಟು ಕಂಕುಳಲ್ಲಿ ಹಿಡಿದು, ನಾನು ನಿಂತ ಕಡೆಗೆ ಅಂದಾಜಿನಲ್ಲಿ ಮುಖ ತಿರುಗಿಸಿದ.

“ನನ್ನ ತಲಿ ಥಪ್ ಅಂತು ಅಂತ ಕಾಣ್ತೈತಿ ಮೇಡಂ.”

ಈ ಸಲ ಯಾರೂ ನಗಲಿಲ್ಲ. ನಾನು ಏನೋ ಹೇಳಿದೆ, ದೀಪಾವಳಿ ಕಳೆದ ಮೇಲೆ ಕರೆಸಿಕೊಳ್ಳುತ್ತೇವೆ ಎಂದೋ ಏನೋ. ಅಜ್ಜಿಯನ್ನು ಕರೆದೊಯ್ಯಲು ಅಳಿಯನೇ ಬಂದಿದ್ದ. ಪಡಸಾಲೆಗೆ ಹತ್ತದೆ ಅಂಗಳದಲ್ಲೇ ನಿಂತಿದ್ದ.

“ಹೆಂಚು ಹೊಳ್ಳಿ ಒಯ್ಯಾಕ ಬರಂಗಿಲ್ಲ” ಎಂದ ತಲೆ ತಗ್ಗಿಸಿ. “ಅತ್ತಿನ್ನ ಒಯ್ತೀನಿ.”

“ಹೆಂಚಿನ ಬದಲಿ ನಾನೇನಲೇ?” ಎಂದಳು ಅಜ್ಜಿ. “ನಡಿ. ಆ ಎಡಗಡಿ ರಾಶಿ ಕುಟ್ಟಿ ಪುಡಿ ಮಾಡಿ ಮಣ್ಣಿಗೆ ಕಲಸಾಕ ಬರ್ತೈತಿ, ಅದನ್ನೂ ಒಂದು ಚೀಲ ತಗೋ.”

ಶ್ರಾವಣದಲ್ಲಿ ಒಂದು ಭಾನುವಾರ ನಾನು ಸಿರುಗುಪ್ಪಕ್ಕೆ ಹೋದೆ. ಹೊಸ ಹೆಂಚಿನ ಮಾತಾಡಲು ಎಂದು ನನಗೇ ಹೇಳಿಕೊಂಡು. ಕುಂಬಾರನ ಮನೆಯ ಮುಂದಿನ ಚಪ್ಪರಕ್ಕೆ ತಗಡು ಹೊದಿಸಿತ್ತು. ಅದರ ಕೆಳಗೆ ಒದ್ದೆ ನೆಲದ ಮೇಲೆ ಗೋಣಿತಾಟು, ಅದರ ಮೇಲೆ ಅಜ್ಜಿ. ಮೊದಲಿಗಿಂತ ಸಣ್ಣಗಾಗಿದ್ದಳು, ಎದೆಯಲ್ಲಿ ಗೊರಗೊರ ಸದ್ದು. ಒಳಗೆ ಮಲಗಬಾರದೇ ಎಂದೆ. ಒಳಗೆ ಮಕ್ಕಳು ಮಲಗುತ್ತವೆ ಎಂದಳು. ಛತ್ರದವರ ಕ್ಷೇಮ ಕೇಳಿದಳು, ಉಳಿದ ಹೆಂಚುಗಳು ಹೇಗಿವೆ ಎಂದು ಕೇಳಿದಳು. ಒಂದೂ ಒಡೆದಿಲ್ಲ ಎಂದೆ. ಅದು ನಿಜವಾಗಿತ್ತು.

“ಒಡೆಯಂಗಿಲ್ಲ” ಎಂದಳು. ಅವಳ ಮುಖದಲ್ಲಿ ಒಂದು ತೃಪ್ತಿ ಬಂದು ಹೋಯಿತು.

ಆಮೇಲೆ ಕೇಳಿದೆ. ಎಷ್ಟೋ ದಿನದಿಂದ ಬಾಯಿಯಲ್ಲಿಟ್ಟುಕೊಂಡಿದ್ದ ಮಾತು, ಹೊರಗೆ ಬರುವಾಗ ತೊದಲಿತು. “ಅಜ್ಜಿ, ಲಾರಿ ಬಂದ ದಿನ, ಹೆಂಚು ನೆನಿ ಹಾಕಬೇಕು ಅಂತ ನೀವು ನನಗ ಹೇಳಿದ್ರೇನು?”

ಅವಳು ತಗಡಿನ ಅಂಚಿನಿಂದ ಬೀಳುತ್ತಿದ್ದ ಹನಿಗಳನ್ನು ನೋಡಿದಳು. ನನಗೆ ಇಲ್ಲ ಎಂಬ ಉತ್ತರ ಬೇಕಿತ್ತು. ಹೌದು ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ.

“ನೀವು ದಿನಾ ಬರ್ಕೋತಿದ್ರಲ್ಲ ಯವ್ವಾ” ಎಂದಳು. “ಬರ್ದಿರಬೇಕು ನೋಡ್ರಿ.”

ವ್ಯಂಗ್ಯವಿರಲಿಲ್ಲ. ನಾನು ಬರೆಯುವುದರ ಮೇಲೆ ಆಕೆಗೆ ಅಷ್ಟು ನಂಬಿಕೆ ಇತ್ತು, ಅಷ್ಟೇ.

ಅಂದು ಸಂಜೆ ಬಳ್ಳಾರಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಡೈರಿ ತೆಗೆದೆ. ಹೆಂಚು ಇಳಿದ ದಿನದ ಪುಟವನ್ನು ಅಲ್ಲಿಯ ತನಕ ತೆರೆದಿರಲಿಲ್ಲ. ಅಜ್ಜಿಯ ಮಾತು ಅಲ್ಲಿ ಇರಲಿಲ್ಲ. ಲಾರಿ ಬಂದದ್ದು ಇತ್ತು, ದರ್ಜಿ ತಾತ ತಲೆ ಚಾಚಿದ್ದು ಇತ್ತು, ಎಲ್ಲರೂ ನಕ್ಕದ್ದು ಇತ್ತು. ಒಂದು ಕ್ಷಣ ಉಸಿರು ಹಗುರಾಯಿತು. ಕೆಳಗೆ ಎಂದಿನಂತೆ ಆ ದಿನದ ನೀರಿನ ಲೆಕ್ಕ. ಕುಡಿಯಲು ಹನ್ನೆರಡು ಕೊಡ. ಅಡುಗೆಗೆ ಐದು. ಕೈಕಾಲು ತೊಳೆಯಲು ನಾಲ್ಕು. ಅದರ ಕೆಳಗೆ, ಅದೇ ಶಾಯಿಯಲ್ಲಿ, ‘ಹೆಂಚಿಗೆ’ ಎಂದು ಬರೆದು ಮುಂದೆ ಒಂದು ಅಡ್ಡಗೆರೆ ಎಳೆದಿದ್ದೆ.

ಹಿಂದಿನ ಪುಟಗಳನ್ನು ತಿರುವಿದೆ, ಮುಂದಿನ ಪುಟಗಳನ್ನು ತಿರುವಿದೆ. ಇನ್ನು ಯಾವ ದಿನವೂ ಆ ಸಾಲು ಇಲ್ಲ. ಯಾರೂ ಕೇಳದೆ ಹೆಂಚಿಗೆ ನೀರಿನ ಸಾಲೊಂದನ್ನು ನಾನು ಬರೆಯುತ್ತಿರಲಿಲ್ಲ. ಯಾರೋ ಕೇಳಿದ್ದರು, ನಾನು ಕೊಡಲಿಲ್ಲ.

ಮುಂದಿನ ಭಾನುವಾರವೇ ಸಿರುಗುಪ್ಪಕ್ಕೆ ಹೋಗಿ, ಬರೆದಿದ್ದೇನೆ ಅಜ್ಜಿ ಎಂದು ಹೇಳಬೇಕೆಂದುಕೊಂಡೆ. ಆ ಭಾನುವಾರ ಪರೀಕ್ಷೆಯ ಕೆಲಸ ಇತ್ತು, ಅದರ ಮುಂದಿನದು ಮಳೆ. ಹೀಗೆಂದು ಡೈರಿ ಹೇಳುತ್ತದೆ. ಮಾಗಿಯ ಚಳಿಯಲ್ಲಿ ಅಳಿಯನಿಂದ ಕಾಗದ ಬಂತು, ಯಾರ ಕೈಯಲ್ಲೋ ಬರೆಸಿದ್ದು. ಅತ್ತೆ ಹೋದಳು, ಹೆಂಚು ಸಿದ್ಧವಾಗಿದೆ, ಎರಡೂ ಒಂದೇ ಕಾಗದದಲ್ಲಿ.

ಆ ಹೆಂಚುಗಳು ಬಂದಾಗ ಲಾರಿಯ ತಳದಿಂದ ನೀರು ಸೋರುತ್ತಿತ್ತು. ಅಳಿಯ ಅವನ್ನು ಎರಡು ದಿನ ಕಾಲುವೆಯಲ್ಲಿ ಮುಳುಗಿಸಿಟ್ಟು ತಂದಿದ್ದ. ಹೋದ ನಾಲ್ವರಲ್ಲಿ ಇಬ್ಬರು ಮರಳಿ ಬಂದರು, ದರ್ಜಿ ತಾತ ಬರಲಿಲ್ಲ. ಆ ವರ್ಷ ನಾನು ಒಂದೂ ಹೆಂಚನ್ನು ಬಡಿದು ನೋಡಲಿಲ್ಲ. ಒಂಬತ್ತು ಮಂಚದಷ್ಟು ಉದ್ದಕ್ಕೂ ಹೊದಿಕೆ ಮುಗಿದ ಮೇಲೆ ಗೌಂಡಿ ಕೆಳಗಿಳಿದು ಕೈ ಒರೆಸಿಕೊಳ್ಳುತ್ತ, ಎರಡು ಮಂಚ ಖಾಲಿ ಉಳಿದಾವಲ್ರಿ, ಒಳಗ ಎತ್ತಿಡಲೇನು ಎಂದು ಕೇಳಿದ. ಇರಲಿ ಎಂದೆ.